ಜಾಲ ಕಡತ ವ್ಯವಸ್ಥೆಯಲ್ಲಿ ಕಡತಬೀಗದ ದೋಷಗಳು

ಕಡತಬೀಗ ಎಂಬುದು ಒಂದೇ ಕಡತವನ್ನು ಇಬ್ಬರು ಏಕಕಾಲದಲ್ಲಿ ತಿದ್ದಿ, ಒಬ್ಬರ ಬರಹವನ್ನು ಇನ್ನೊಬ್ಬರ ಬರಹ ಅಳಿಸಿಹಾಕದಂತೆ ತಡೆಯಲು ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆ ಒದಗಿಸುವ ಏರ್ಪಾಡು. ಬಳಕೆಯ ಮಾತಿನಲ್ಲಿ ಇದನ್ನು ಫೈಲ್ ಲಾಕ್ ಎಂದೇ ಕರೆಯುತ್ತಾರೆ. ಕಡತವು ಬಳಕೆದಾರನ ಯಂತ್ರದಲ್ಲಿಯೇ ಇದ್ದಾಗ ಈ ಏರ್ಪಾಡು ಸಾಮಾನ್ಯವಾಗಿ ತೊಡಕಿಲ್ಲದೆ ನಡೆಯುತ್ತದೆ. ಕಡತವು ಸರ್ವರ್‌ನಲ್ಲಿದ್ದು ಜಾಲದ ಮೂಲಕ ಹಲವು ಯಂತ್ರಗಳಿಗೆ ದೊರೆಯುವಂತಿದ್ದರೆ ಬೀಗ ಹಾಕಿದವರು ಯಾರು, ಅವರು ಇನ್ನೂ ಕೆಲಸದಲ್ಲಿದ್ದಾರೆಯೇ, ಬೀಗ ತೆಗೆಯುವ ಮೊದಲೇ ಅವರ ಯಂತ್ರ ನಿಂತುಹೋಯಿತೇ ಎಂಬುದನ್ನು ದೂರದಿಂದಲೇ ನಿರ್ಣಯಿಸಬೇಕಾಗುತ್ತದೆ. ಕಡತಬೀಗದ ದೋಷಗಳಲ್ಲಿ ಹೆಚ್ಚಿನವು ಈ ನಿರ್ಣಯದ ಕಷ್ಟದಿಂದಲೇ ಹುಟ್ಟುತ್ತವೆ. ಈ ಲೇಖನವು ಮುಖ್ಯವಾಗಿ ಯುನಿಕ್ಸ್ ಮತ್ತು ಲಿನಕ್ಸ್ ಪರಿವಾರದ ಎನ್‌ಎಫ್‌ಎಸ್ ವ್ಯವಸ್ಥೆಯನ್ನೂ, ಸಂಕ್ಷೇಪವಾಗಿ ವಿಂಡೋಸ್ ಹಂಚಿಕೆಯನ್ನೂ ಕುರಿತದ್ದಾಗಿದೆ.

ಬೀಗದ ಅಗತ್ಯ

ಒಂದು ಕಲ್ಪಿತ ಸನ್ನಿವೇಶದಿಂದ ವಿಷಯವನ್ನು ತಿಳಿಯಬಹುದು. ಯಾದಗಿರಿಯಲ್ಲಿ ಒಂದು ಸರ್ವರ್ ಇದೆ. ಅದರಲ್ಲಿ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದವರ ಪಟ್ಟಿಯೊಂದು ಇದೆ. ಶಹಾಪುರ ಮತ್ತು ಸುರಪುರದ ಎರಡು ಕಚೇರಿಗಳು ಆ ಪಟ್ಟಿಯನ್ನು ಜಾಲದ ಮೂಲಕ ತೆರೆದು ತಿದ್ದುತ್ತವೆ. ಬೆಳಿಗ್ಗೆ 11 ಗಂಟೆಗೆ ಎರಡೂ ಕಡೆ ಪಟ್ಟಿಯನ್ನು ತೆರೆಯಲಾಯಿತು. ಶಹಾಪುರದವರು 40 ಹೆಸರುಗಳನ್ನು ಸೇರಿಸಿ 11.30ಕ್ಕೆ ಉಳಿಸಿದರು. ಸುರಪುರದವರು 5 ಹೆಸರುಗಳನ್ನು ಸೇರಿಸಿ 11.45ಕ್ಕೆ ಉಳಿಸಿದರು. ಸುರಪುರದವರ ಮುಂದಿದ್ದುದು 11 ಗಂಟೆಯ ಪ್ರತಿ. ಅದರಲ್ಲಿ ಶಹಾಪುರದ 40 ಹೆಸರುಗಳು ಇರಲೇ ಇಲ್ಲ. ಆದ್ದರಿಂದ ಆ ದಿನದ ಕೊನೆಗೆ ಸರ್ವರ್‌ನಲ್ಲಿ ಹೊಸದಾಗಿ ಉಳಿದದ್ದು 5 ಹೆಸರು ಮಾತ್ರ.

ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ದೋಷಸಂದೇಶವೂ ಬಂದಿಲ್ಲ, ಯಾವ ನೌಕರನೂ ತಪ್ಪು ಮಾಡಿಲ್ಲ. ಅಳಿದುಹೋದ 40 ಹೆಸರುಗಳ ವಿಚಾರ ತಿಂಗಳುಗಳ ನಂತರ, ಹಣ ಬಾರದ ಮುದುಕಿಯೊಬ್ಬಳು ಕಚೇರಿಯ ಬಾಗಿಲಿಗೆ ಬಂದು ಕೇಳಿದಾಗ ತಿಳಿಯಬಹುದು. ಗಣಕಶಾಸ್ತ್ರದಲ್ಲಿ ಇದನ್ನು ಕಳೆದುಹೋದ ತಿದ್ದುಪಡಿ ಎನ್ನುತ್ತಾರೆ. ಬೀಗ ಇದ್ದಿದ್ದರೆ ಸುರಪುರದವರಿಗೆ 11 ಗಂಟೆಗೇ ‘ಈ ಕಡತವನ್ನು ಬೇರೊಬ್ಬರು ಬಳಸುತ್ತಿದ್ದಾರೆ’ ಎಂಬ ಸಂದೇಶ ಬರುತ್ತಿತ್ತು. ಅವರಿಗೆ ಬೇಸರವಾಗುತ್ತಿತ್ತು, ಆದರೆ 40 ಹೆಸರುಗಳು ಉಳಿಯುತ್ತಿದ್ದವು. ಬೀಗದ ದೋಷಸಂದೇಶವನ್ನು ಕೇವಲ ಅಡಚಣೆಯೆಂದು ಕಂಡು, ಅದು ಮರೆಯಾಗುವಂತೆ ಮಾಡಿದರೆ ಸಾಕೆಂದು ಹೊರಡುವವರು ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು.

ಬೀಗದ ಬಗೆಗಳು

ಓದಲು ಮಾತ್ರ ಹಾಕುವ ಬೀಗವನ್ನು ಏಕಕಾಲದಲ್ಲಿ ಹಲವರು ಹೊಂದಿರಬಹುದು. ಇದು ಹಂಚಿಕೆಯ ಬೀಗ. ಬರೆಯಲು ಹಾಕುವ ಬೀಗವನ್ನು ಒಬ್ಬರು ಮಾತ್ರ ಹೊಂದಬಹುದು. ಇದು ಏಕಸ್ವಾಮ್ಯದ ಬೀಗ. ಬೀಗವು ಇಡೀ ಕಡತಕ್ಕೆ ಅನ್ವಯಿಸಬಹುದು, ಅಥವಾ ಕಡತದ ಇಂತಿಷ್ಟು ಬೈಟ್‌ಗಳ ಒಂದು ಭಾಗಕ್ಕೆ ಮಾತ್ರ ಅನ್ವಯಿಸಬಹುದು.

ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿದೆ. ಯುನಿಕ್ಸ್ ಸಂಪ್ರದಾಯದ ಬೀಗವು ಸಲಹಾರೂಪದ್ದು. ಕಡತವನ್ನು ಮುಟ್ಟುವ ಪ್ರತಿಯೊಂದು ತಂತ್ರಾಂಶವೂ ಮೊದಲು ಬೀಗವನ್ನು ಕೇಳಿದರೆ ಮಾತ್ರ ಅದಕ್ಕೆ ಬೆಲೆ. ಕೇಳದೆ ಬರೆಯುವ ತಂತ್ರಾಂಶವನ್ನು ಅದು ತಡೆಯುವುದಿಲ್ಲ. ಮಠದ ಪಂಕ್ತಿಯಲ್ಲಿ ಹಿರಿಯರು ಕೈಯಿಡುವವರೆಗೆ ಯಾರೂ ಉಣ್ಣದಿರುವುದು ಹೇಗೆ ಒಂದು ನಡವಳಿಕೆಯೋ ಇದೂ ಹಾಗೆಯೇ. ವಿಂಡೋಸ್ ಸಂಪ್ರದಾಯದ ಬೀಗವು ಕಡ್ಡಾಯವಾದದ್ದು. ಅಲ್ಲಿ ಸ್ವತಃ ಸರ್ವರ್ ಎರಡನೆಯವನನ್ನು ತಡೆಯುತ್ತದೆ. ಒಂದೇ ಕಡತಕೋಶವನ್ನು ಲಿನಕ್ಸ್ ಯಂತ್ರಗಳಿಗೆ ಎನ್‌ಎಫ್‌ಎಸ್ ಮೂಲಕವೂ ವಿಂಡೋಸ್ ಯಂತ್ರಗಳಿಗೆ ಸಾಂಬಾ ಮೂಲಕವೂ ಹಂಚಿದ ಕಡೆ ಈ ಎರಡು ಸಂಪ್ರದಾಯಗಳು ಮುಖಾಮುಖಿಯಾಗಿ, ಬಿಡಿಸಲು ಕಷ್ಟವಾದ ತೊಡಕುಗಳು ಕಾಣಿಸಿಕೊಳ್ಳುತ್ತವೆ. ಸಾಧ್ಯವಾದಲ್ಲೆಲ್ಲ ಒಂದು ಕಡತಕೋಶವನ್ನು ಒಂದೇ ದಾರಿಯಲ್ಲಿ ಹಂಚುವುದು ಲೇಸು.

ಲಿನಕ್ಸ್‌ನಲ್ಲಿ ಬೀಗ ಕೇಳಲು ಎರಡು ಮುಖ್ಯ ಕರೆಗಳಿವೆ. ಫ್ಲಾಕ್ ಎಂಬುದು ಬರ್ಕ್‌ಲಿ ಯುನಿಕ್ಸ್‌ನಿಂದ ಬಂದದ್ದು. ಎಫ್‌ಸಿಎನ್‌ಟಿಎಲ್ ಎಂಬುದು ಪೋಸಿಕ್ಸ್ ಮಾನಕಕ್ಕೆ ಸೇರಿದ್ದು. ಲಿನಕ್ಸ್ ಕರ್ನೆಲ್‌ನ 2.6.12ನೆಯ ಆವೃತ್ತಿಗೆ ಮೊದಲು ಎನ್‌ಎಫ್‌ಎಸ್ ಕಡತದ ಮೇಲೆ ಹಾಕಿದ ಫ್ಲಾಕ್ ಬೀಗ ಆ ಯಂತ್ರದೊಳಗೆ ಮಾತ್ರ ಊರ್ಜಿತವಾಗಿತ್ತು. ಪಕ್ಕದ ಯಂತ್ರಕ್ಕೆ ಅದರ ಸುಳಿವೇ ಇರುತ್ತಿರಲಿಲ್ಲ. ಆ ಆವೃತ್ತಿಯಿಂದ ಈಚೆಗೆ ಎನ್‌ಎಫ್‌ಎಸ್ ಕ್ಲೈಂಟ್ ಅದನ್ನು ಇಡೀ ಕಡತಕ್ಕೆ ಅನ್ವಯಿಸುವ ಪೋಸಿಕ್ಸ್ ಬೀಗವನ್ನಾಗಿ ಪರಿವರ್ತಿಸಿ ಸರ್ವರ್‌ಗೆ ಕಳುಹಿಸುತ್ತದೆ. ಇದರ ಒಂದು ಪರಿಣಾಮವೆಂದರೆ, ಓದಲು ಮಾತ್ರ ತೆರೆದ ಕಡತಕ್ಕೆ ಏಕಸ್ವಾಮ್ಯದ ಫ್ಲಾಕ್ ಬೀಗ ಸ್ಥಳೀಯ ಡಿಸ್ಕ್‌ನಲ್ಲಿ ದೊರೆತರೂ ಎನ್‌ಎಫ್‌ಎಸ್‌ನಲ್ಲಿ ದೊರೆಯುವುದಿಲ್ಲ. ‘ನನ್ನ ಯಂತ್ರದಲ್ಲಿ ನಡೆಯುತ್ತದೆ, ಸರ್ವರ್‌ನಲ್ಲಿ ನಡೆಯುವುದಿಲ್ಲ’ ಎಂಬ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಪೋಸಿಕ್ಸ್ ಬೀಗಕ್ಕೆ ಹುಟ್ಟಿನಿಂದಲೇ ಬಂದ ಒಂದು ವಿಚಿತ್ರ ಗುಣವಿದೆ. ಒಂದು ಪ್ರಕ್ರಿಯೆ ಒಂದೇ ಕಡತವನ್ನು ಎರಡು ಬಾರಿ ತೆರೆದು, ಅವುಗಳಲ್ಲಿ ಯಾವುದಾದರೂ ಒಂದನ್ನು ಮುಚ್ಚಿದರೆ, ಆ ಕಡತದ ಮೇಲೆ ಅದು ಹೊಂದಿದ್ದ ಎಲ್ಲ ಬೀಗಗಳೂ ಕಳಚಿಬೀಳುತ್ತವೆ. ತಂತ್ರಾಂಶ ಬರೆಯುವವರು ಇದನ್ನು ಮರೆತರೆ ಬೀಗ ಇದೆಯೆಂಬ ನಂಬಿಕೆಯಲ್ಲಿಯೇ ಬೀಗವಿಲ್ಲದೆ ಬರೆಯುತ್ತಿರುತ್ತಾರೆ.

ಎನ್‌ಎಫ್‌ಎಸ್‌ನಲ್ಲಿ ಬೀಗದ ಇತಿಹಾಸ

ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ರೂಪಿಸಿತು. ಅದರ ಎರಡನೆಯ ಆವೃತ್ತಿಯ ವಿವರಣೆ 1989ರಲ್ಲಿ, ಮೂರನೆಯದರ ವಿವರಣೆ 1995ರಲ್ಲಿ ಪ್ರಕಟವಾದವು. ಈ ಎರಡೂ ಆವೃತ್ತಿಗಳಲ್ಲಿ ಸರ್ವರ್ ಯಾವ ಕ್ಲೈಂಟ್ ಯಾವ ಕಡತವನ್ನು ತೆರೆದಿದೆ ಎಂಬ ನೆನಪನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಕೋರಿಕೆಯೂ ತನಗೆ ತಾನೇ ಸಂಪೂರ್ಣ. ಸರ್ವರ್ ಬಿದ್ದು ಎದ್ದರೆ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಕಳುಹಿಸುತ್ತದೆ, ಕೆಲಸ ಮುಂದುವರಿಯುತ್ತದೆ. ಇದು ಬಹಳ ಜಾಣತನದ ಏರ್ಪಾಡು. ಆದರೆ ಬೀಗವೆಂದರೆ ನೆನಪೇ. ನೆನಪಿಲ್ಲದವನು ಬೀಗದ ಲೆಕ್ಕ ಇಡಲಾರ. ಆದ್ದರಿಂದ ಬೀಗದ ಕೆಲಸವನ್ನು ಎನ್‌ಎಫ್‌ಎಸ್‌ನ ಹೊರಗೆ ಎನ್‌ಎಲ್‌ಎಂ ಎಂಬ ಪ್ರತ್ಯೇಕ ಶಿಷ್ಟಾಚಾರಕ್ಕೆ ವಹಿಸಲಾಯಿತು. ಯಾವ ಯಂತ್ರ ಸತ್ತಿತು, ಯಾವುದು ಮರಳಿ ಎದ್ದಿತು ಎಂಬ ವರ್ತಮಾನವನ್ನು ತಲುಪಿಸಲು ಎನ್‌ಎಸ್‌ಎಂ ಎಂಬ ಇನ್ನೊಂದು ಶಿಷ್ಟಾಚಾರ ಹುಟ್ಟಿತು. ಲಿನಕ್ಸ್‌ನಲ್ಲಿ ಈ ಕೆಲಸಗಳನ್ನು ಕ್ರಮವಾಗಿ ಲಾಕ್‌ಡಿ ಮತ್ತು ಸ್ಟ್ಯಾಟ್‌ಡಿ ಎಂಬ ಸೇವೆಗಳು ನಡೆಸುತ್ತವೆ.

2000ದಲ್ಲಿ ಮೊದಲು ಪ್ರಕಟವಾಗಿ 2003ರಲ್ಲಿ ಪರಿಷ್ಕೃತವಾದ ನಾಲ್ಕನೆಯ ಆವೃತ್ತಿ ಬೀಗವನ್ನು ಎನ್‌ಎಫ್‌ಎಸ್‌ನ ಒಳಗೇ ತಂದಿತು. ಮೂರನೆಯ ಆವೃತ್ತಿಯಲ್ಲಿ ನಾಲ್ಕಾರು ಸೇವೆಗಳು, ನಾಲ್ಕಾರು ಪೋರ್ಟ್‌ಗಳು ಬೇಕಾಗಿದ್ದರೆ ಇಲ್ಲಿ ಕಡತದ ಕೆಲಸಕ್ಕೂ ಬೀಗದ ಕೆಲಸಕ್ಕೂ 2049 ಎಂಬ ಒಂದೇ ಪೋರ್ಟ್ ಸಾಕು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಬೀಗವು ಶಾಶ್ವತ ಹಕ್ಕಾಗಿ ಉಳಿಯದೆ ಗೇಣಿಯ ಹಕ್ಕಾಯಿತು. ಇದರ ಮಹತ್ವ ಮುಂದಿನ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಸತ್ತ ಯಂತ್ರವೋ, ಕಡಿದ ತಂತಿಯೋ

ಮೇಲಿನ ಸನ್ನಿವೇಶಕ್ಕೆ ಮರಳೋಣ. ಶಹಾಪುರದ ಯಂತ್ರ ಪಟ್ಟಿಗೆ ಬೀಗ ಹಾಕಿದೆ. ಇದ್ದಕ್ಕಿದ್ದಂತೆ ಅದರಿಂದ ಯಾದಗಿರಿಯ ಸರ್ವರ್‌ಗೆ ಯಾವ ಸದ್ದೂ ಬರುತ್ತಿಲ್ಲ. ಕಾರಣ ಎರಡಿರಬಹುದು. ವಿದ್ಯುತ್ ಹೋಗಿ ಯಂತ್ರವೇ ನಿಂತಿರಬಹುದು. ಹಾಗಿದ್ದರೆ ಬೀಗಕ್ಕೆ ಈಗ ಒಡೆಯರಿಲ್ಲ, ಅದನ್ನು ತೆಗೆದು ಸುರಪುರದವರಿಗೆ ಕೊಡುವುದು ಸರಿ. ಅಥವಾ ಯಂತ್ರ ಚೆನ್ನಾಗಿಯೇ ಇದ್ದು, ರಸ್ತೆ ಅಗೆಯುವಾಗ ನಡುದಾರಿಯಲ್ಲಿ ಕೇಬಲ್ ಮಾತ್ರ ಕಡಿದಿರಬಹುದು. ಹಾಗಿದ್ದರೆ ಶಹಾಪುರದ ನೌಕರರು ಇನ್ನೂ ಬೆರಳಚ್ಚಿಸುತ್ತಲೇ ಇದ್ದಾರೆ. ಸಂಪರ್ಕ ಮರಳಿದ ಕೂಡಲೇ ಅವರ ಬರಹ ಸರ್ವರ್‌ಗೆ ಬರುತ್ತದೆ. ಯಾದಗಿರಿಯಲ್ಲಿ ಕುಳಿತು ನೋಡುವ ಸರ್ವರ್‌ಗೆ ಈ ಎರಡು ಸ್ಥಿತಿಗಳೂ ಒಂದೇ ರೀತಿ ಕಾಣುತ್ತವೆ: ಮೌನ. ಯಾವ ಚತುರ ತಂತ್ರಾಂಶವೂ ಮೌನದಿಂದ ಮಾತ್ರವೇ ಈ ಎರಡನ್ನು ಬೇರ್ಪಡಿಸಲಾರದು.

ಮೂರನೆಯ ಆವೃತ್ತಿ ಇಲ್ಲಿ ಕಾಯುವ ಪಕ್ಷ. ಶಹಾಪುರದ ಯಂತ್ರ ಮರಳಿ ಎದ್ದಾಗ ಅದರ ಸ್ಟ್ಯಾಟ್‌ಡಿ ಸೇವೆಯ ಕಡೆಯಿಂದ ‘ನಾನು ಬಿದ್ದು ಎದ್ದಿದ್ದೇನೆ’ ಎಂಬ ಸುದ್ದಿ ಸರ್ವರ್‌ಗೆ ಹೋಗುತ್ತದೆ. ಆಗ ಸರ್ವರ್ ಹಳೆಯ ಬೀಗಗಳನ್ನು ತೆಗೆಯುತ್ತದೆ. ಯಂತ್ರ ಏಳಲೇ ಇಲ್ಲವೆನ್ನಿ, ದುರಸ್ತಿಗೆಂದು ಕಲಬುರಗಿಗೆ ಹೋಯಿತೆನ್ನಿ, ಬೀಗ ಹಾಗೆಯೇ ಉಳಿಯುತ್ತದೆ. ಸರ್ವರ್‌ನ ಬೀಗದ ಸೇವೆಯನ್ನೇ ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಆ ಪಟ್ಟಿ ಸುರಪುರದವರಿಗೆ ದಕ್ಕುವುದಿಲ್ಲ. ಯಂತ್ರ ಹೊಸ ಹೆಸರಿನಿಂದ ಮರಳಿದರೂ ತೊಂದರೆಯೇ. ಸುದ್ದಿ ತಂದ ಹೆಸರಿಗೂ ಸರ್ವರ್‌ನ ದಾಖಲೆಯಲ್ಲಿರುವ ಹೆಸರಿಗೂ ಹೊಂದಿಕೆಯಾಗದೆ ಬೀಗ ಉಳಿದುಬಿಡುತ್ತದೆ.

ನಾಲ್ಕನೆಯ ಆವೃತ್ತಿಯಲ್ಲಿ ಕ್ಲೈಂಟ್ ತನ್ನ ಗೇಣಿಯನ್ನು ಆಗಾಗ ನವೀಕರಿಸುತ್ತಿರಬೇಕು. ಲಿನಕ್ಸ್ ಸರ್ವರ್‌ನಲ್ಲಿ ಗೇಣಿಯ ಅವಧಿ ಸಾಮಾನ್ಯವಾಗಿ 90 ಸೆಕೆಂಡುಗಳು. ಅಷ್ಟರೊಳಗೆ ಸದ್ದು ಬಾರದಿದ್ದರೆ ಆ ಬೀಗವನ್ನು ಇನ್ನೊಬ್ಬರಿಗೆ ಕೊಡುವ ಅಧಿಕಾರ ಸರ್ವರ್‌ಗಿದೆ. ಸತ್ತ ಯಂತ್ರದ ಬೀಗ ತಿಂಗಳುಗಟ್ಟಲೆ ಉಳಿಯುವ ಕಷ್ಟ ಇದರಿಂದ ತಪ್ಪಿತು. ಆದರೆ ತಂತಿ ಮಾತ್ರ ಕಡಿದಿದ್ದರೆ ಬದುಕಿರುವ ಶಹಾಪುರದ ಯಂತ್ರ ತನಗರಿವಿಲ್ಲದೆ ಬೀಗ ಕಳೆದುಕೊಂಡಿರುತ್ತದೆ. ಸಂಪರ್ಕ ಮರಳಿದಾಗ ಲಿನಕ್ಸ್ ಕ್ಲೈಂಟ್ ಸಾಮಾನ್ಯವಾಗಿ ಆ ಬೀಗವನ್ನು ಸದ್ದಿಲ್ಲದೆ ಮತ್ತೆ ಪಡೆಯಲು ಹೋಗದೆ, ಬರೆಯಲು ಯತ್ನಿಸಿದ ತಂತ್ರಾಂಶಕ್ಕೆ ಇನ್‌ಪುಟ್–ಔಟ್‌ಪುಟ್ ದೋಷವನ್ನು ಹಿಂದಿರುಗಿಸುತ್ತದೆ. ನಡುವೆ ಬೇರೆಯವರು ಕಡತವನ್ನು ತಿದ್ದಿರಬಹುದಾದ್ದರಿಂದ ಇದು ಸರಿಯಾದ ನಡೆ. ಬಳಕೆದಾರ ಆಗ ಮಾಡಬೇಕಾದದ್ದು ತನ್ನ ಬರಹವನ್ನು ಬೇರೆ ಹೆಸರಿನಲ್ಲಿ ಸ್ವಂತ ಯಂತ್ರದಲ್ಲಿ ಉಳಿಸಿಕೊಂಡು, ಸರ್ವರ್‌ನ ಪ್ರತಿಯೊಂದಿಗೆ ಹೋಲಿಸಿ ನೋಡುವುದು.

ಸರ್ವರ್ ಸ್ವತಃ ಬಿದ್ದು ಎದ್ದಾಗ ಕೆಲವು ಕಾಲ ಹೊಸ ಬೀಗಗಳನ್ನು ಕೊಡುವುದಿಲ್ಲ. ಹಳೆಯ ಬೀಗದವರು ಬಂದು ತಮ್ಮ ಹಕ್ಕನ್ನು ಮತ್ತೆ ಸ್ಥಾಪಿಸಿಕೊಳ್ಳಲು ಇರುವ ರಿಯಾಯಿತಿ ಕಾಲ ಅದು. ನಾಲ್ಕನೆಯ ಆವೃತ್ತಿಯ ಲಿನಕ್ಸ್ ಸರ್ವರ್‌ನಲ್ಲಿ ಇದೂ ಸಾಮಾನ್ಯವಾಗಿ 90 ಸೆಕೆಂಡು. ಸರ್ವರ್ ಆರಂಭಿಸಿದ ತಕ್ಷಣ ‘ಎಲ್ಲವೂ ನಿಂತಿದೆ’ ಎಂದು ಗಾಬರಿಗೊಂಡು ಮತ್ತೊಮ್ಮೆ ಆರಂಭಿಸಿದರೆ ಆ ಕಾಲ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡು ನಿಮಿಷ ಕೈಕಟ್ಟಿ ಕೂರುವುದೇ ಇಲ್ಲಿ ಚಿಕಿತ್ಸೆ.

ದೋಷಸಂದೇಶಗಳು

‘ನೋ ಲಾಕ್ಸ್ ಅವೈಲಬಲ್’ ಎಂಬುದು ಎನ್‌ಎಫ್‌ಎಸ್‌ನ ಅತ್ಯಂತ ಪ್ರಸಿದ್ಧ ಬೀಗದೋಷ. ಲಿನಕ್ಸ್‌ನಲ್ಲಿ ಇದರ ಸಂಖ್ಯೆ 37. ಮಾತಿನ ಅರ್ಥ ಬೀಗಗಳು ಮುಗಿದುಹೋಗಿವೆ ಎಂದಾದರೂ ವಾಸ್ತವದಲ್ಲಿ ಬೀಗದ ಸೇವೆಯನ್ನು ತಲುಪಲಾಗುತ್ತಿಲ್ಲ ಎಂದೇ ಇದನ್ನು ಹೆಚ್ಚಿನ ಸಂದರ್ಭಗಳಲ್ಲಿ ಓದಿಕೊಳ್ಳಬೇಕು. ಲಾಕ್‌ಡಿ ಅಥವಾ ಸ್ಟ್ಯಾಟ್‌ಡಿ ನಡೆಯುತ್ತಿಲ್ಲದಿರಬಹುದು, ಅಥವಾ ನಡುವಿನ ಫೈರ್‌ವಾಲ್ ತಡೆಯುತ್ತಿರಬಹುದು.

‘ರಿಸೋರ್ಸ್ ಟೆಂಪರರಿಲಿ ಅನ್‌ಅವೈಲಬಲ್’ ಎಂಬುದು 11ನೆಯ ಸಂಖ್ಯೆಯದು. ಇದು ನಿಜವಾದ ಅರ್ಥದಲ್ಲಿ ದೋಷವೇ ಅಲ್ಲ. ಬೀಗ ಬೇರೆಯವರ ಬಳಿ ಇದೆ, ಸ್ವಲ್ಪ ತಡೆದು ಬನ್ನಿ ಎಂದಷ್ಟೇ ಅದರ ಮಾತು. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ 116ನೆಯ ದೋಷ ಕಡತವನ್ನು ಸರ್ವರ್‌ನಲ್ಲಿ ಅಳಿಸಿದಾಗ ಅಥವಾ ಹಂಚಿಕೆಯನ್ನು ಬದಲಿಸಿದಾಗ ಬರುತ್ತದೆ. ಬೀಗಕ್ಕೂ ಅದಕ್ಕೂ ನೇರ ಸಂಬಂಧವಿಲ್ಲದಿದ್ದರೂ ಎರಡನ್ನೂ ಒಂದೇ ಎಂದು ತಿಳಿಯುವುದುಂಟು. ಯಾವ ಸಂದೇಶವೂ ಬಾರದೆ ತಂತ್ರಾಂಶ ಸುಮ್ಮನೆ ನಿಂತುಬಿಡುವುದೂ ಒಂದು ಲಕ್ಷಣ: ಬೀಗ ಸಿಗುವವರೆಗೆ ಕಾಯುವಂತೆ ಅದನ್ನು ಬರೆದಿದ್ದರೆ, ಸಿಗದ ಬೀಗಕ್ಕಾಗಿ ಅದು ಎಷ್ಟು ಹೊತ್ತಾದರೂ ಕಾಯುತ್ತದೆ.

ಕಾರಣ ಪತ್ತೆಹಚ್ಚುವುದು

ಯಾವ ಆಜ್ಞೆಯನ್ನೂ ಕೊಡುವ ಮೊದಲು ದೋಷದ ವ್ಯಾಪ್ತಿಯನ್ನು ವಿಚಾರಿಸಬೇಕು. ಒಂದೇ ಕಡತ ಎಲ್ಲರಿಗೂ ಸಿಗುತ್ತಿಲ್ಲವಾದರೆ ಯಾರೋ ಅದನ್ನು ಹಿಡಿದಿದ್ದಾರೆ. ಎಲ್ಲ ಕಡತಗಳೂ ಎಲ್ಲರಿಗೂ ತೊಂದರೆ ಕೊಡುತ್ತಿದ್ದರೆ ಸರ್ವರ್‌ನ ಬೀಗದ ಸೇವೆಯಲ್ಲಿ ದೋಷವಿದೆ. ಒಂದೇ ಯಂತ್ರಕ್ಕೆ ಮಾತ್ರ ತೊಂದರೆಯಿದ್ದರೆ ಆ ಯಂತ್ರವನ್ನೋ ಅದರ ಫೈರ್‌ವಾಲನ್ನೋ ನೋಡಬೇಕು. ಇಷ್ಟು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅನಂತರ ಕ್ಲೈಂಟ್ ಯಾವ ಆವೃತ್ತಿಯಲ್ಲಿ ಜೋಡಣೆಗೊಂಡಿದೆ ಎಂಬುದನ್ನು ಎನ್‌ಎಫ್‌ಎಸ್‌ಸ್ಟ್ಯಾಟ್ ಆಜ್ಞೆಯಿಂದ ತಿಳಿಯಬೇಕು, ಏಕೆಂದರೆ ಮೂರು ಮತ್ತು ನಾಲ್ಕನೆಯ ಆವೃತ್ತಿಗಳ ಚಿಕಿತ್ಸೆ ಬೇರೆ ಬೇರೆ. ಮೂರನೆಯದಾಗಿದ್ದರೆ ಆರ್‌ಪಿಸಿಇನ್ಫೋ ಆಜ್ಞೆಯನ್ನು ಸರ್ವರ್‌ನ ಹೆಸರಿನೊಂದಿಗೆ ಕೊಟ್ಟು, ಬರುವ ಪಟ್ಟಿಯಲ್ಲಿ 1,00,021 ಸಂಖ್ಯೆಯ ಬೀಗದ ಸೇವೆಯೂ 1,00,024 ಸಂಖ್ಯೆಯ ಸ್ಥಿತಿವಾರ್ತೆಯ ಸೇವೆಯೂ ಇವೆಯೇ ಎಂದು ನೋಡಬೇಕು. ಈ ಎರಡು ಸೇವೆಗಳ ಪೋರ್ಟ್‌ಗಳನ್ನು ನಾವಾಗಿ ಗೊತ್ತುಮಾಡದಿದ್ದರೆ ಪ್ರತಿ ಬಾರಿ ಯಂತ್ರ ಆರಂಭವಾದಾಗಲೂ ಅವು ಬದಲಾಗಬಹುದು. ಎನ್‌ಎಫ್‌ಎಸ್‌ಗೆ ಬೇಕಾದ ಉಳಿದ ಪೋರ್ಟ್‌ಗಳನ್ನು ತೆರೆದು ಇವನ್ನು ಮಾತ್ರ ಮುಚ್ಚಿಟ್ಟ ಫೈರ್‌ವಾಲ್ ಇದ್ದಲ್ಲಿ ಕಡತಗಳು ಕಾಣುತ್ತವೆ, ತೆರೆಯುತ್ತವೆ, ಓದಲೂ ಬರುತ್ತವೆ. ಬೀಗ ಮಾತ್ರ ಬೀಳುವುದಿಲ್ಲ. ‘ಎಲ್ಲ ಸರಿಯಿದೆ, ಉಳಿಸಲು ಮಾತ್ರ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಇಂಥ ಅರೆತೆರೆದ ಬಾಗಿಲು ಇರುವುದುಂಟು. ಬೀಗದ ಸೇವೆಗೆ ನಿಶ್ಚಿತ ಪೋರ್ಟ್ ಕೊಟ್ಟು ಅದನ್ನು ಫೈರ್‌ವಾಲ್‌ನಲ್ಲಿ ತೆರೆಯುವುದು ಪರಿಹಾರ. ಕಾಯುತ್ತಿರುವ ಕ್ಲೈಂಟ್‌ಗೆ ಬೀಗ ಸಿಕ್ಕಿತೆಂದು ತಿಳಿಸಲು ಸರ್ವರ್ ಕ್ಲೈಂಟನ್ನು ಮರಳಿ ಕರೆಯುತ್ತದೆಯಾದ್ದರಿಂದ ಕ್ಲೈಂಟ್‌ನ ಫೈರ್‌ವಾಲ್ ಕೂಡ ಗಮನಕ್ಕೆ ಬರಬೇಕು. ಸಾಧ್ಯವಿದ್ದರೆ ನಾಲ್ಕನೆಯ ಆವೃತ್ತಿಗೆ ಬದಲಾಯಿಸಿಕೊಳ್ಳುವುದು ಇದೆಲ್ಲಕ್ಕಿಂತ ನೇರವಾದ ದಾರಿ.

ಬೀಗ ಯಾರ ಬಳಿ ಇದೆ ಎಂಬುದನ್ನು ಸರ್ವರ್‌ನಲ್ಲಿ ಎಲ್‌ಎಸ್‌ಲಾಕ್ಸ್ ಆಜ್ಞೆಯಿಂದ ನೋಡಬಹುದು. ಆದರೆ ಜಾಲದಿಂದ ಬಂದ ಬೀಗಗಳು ಅಲ್ಲಿ ಸರ್ವರ್‌ನ ಸ್ವಂತ ಬೀಗಗಳಂತೆ ತೋರುವುದರಿಂದ ದೂರದ ಯಂತ್ರದ ಹೆಸರು ಸುಲಭವಾಗಿ ದೊರೆಯದು. ನಾಲ್ಕನೆಯ ಆವೃತ್ತಿಯಲ್ಲಿ, ಕರ್ನೆಲ್ 5.3 ಮತ್ತು ಅನಂತರದ ಸರ್ವರ್‌ಗಳಲ್ಲಿ ಪ್ರತಿ ಕ್ಲೈಂಟ್‌ಗೂ ಪ್ರೊಕ್ ಕಡತಕೋಶದೊಳಗೆ ಒಂದು ಪ್ರತ್ಯೇಕ ಉಪಕೋಶ ಇರುತ್ತದೆ. ಅದರಲ್ಲಿ ಕ್ಲೈಂಟ್‌ನ ವಿಳಾಸವೂ ಅದು ಹೊಂದಿರುವ ಬೀಗಗಳೂ ಕಾಣುತ್ತವೆ. ನಿಜವಾಗಿ ಸತ್ತಿರುವ ಕ್ಲೈಂಟನ್ನು ಅಲ್ಲಿಂದಲೇ ತೆರವುಗೊಳಿಸಲೂ ಬರುತ್ತದೆ. ಸತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಈವರೆಗೆ ದೂರವಾಣಿಗಿಂತ ಒಳ್ಳೆಯ ಸಾಧನವಿಲ್ಲ: ಆ ಕಚೇರಿಗೆ ಕರೆ ಮಾಡಿ ಕೇಳಬೇಕು.

ಶಾಲೆ ಕಾಲೇಜುಗಳ ಗಣಕ ಪ್ರಯೋಗಾಲಯಗಳಿಗೆ ವಿಶೇಷವಾದ ಒಂದು ದೋಷವಿದೆ. ಒಂದು ಯಂತ್ರದಲ್ಲಿ ಲಿನಕ್ಸ್ ಸ್ಥಾಪಿಸಿ, ಆ ಡಿಸ್ಕ್‌ನ ನಕಲನ್ನೇ ಉಳಿದೆಲ್ಲ ಯಂತ್ರಗಳಿಗೆ ಇಳಿಸುವುದು ವಾಡಿಕೆ. ಆಗ ಎಲ್ಲ ಯಂತ್ರಗಳಿಗೂ ಒಂದೇ ಹೆಸರು ಉಳಿದುಬಿಡುತ್ತದೆ. 4.1 ಮತ್ತು ಅನಂತರದ ಆವೃತ್ತಿಗಳಲ್ಲಿ ಲಿನಕ್ಸ್ ಕ್ಲೈಂಟ್ ಸರ್ವರ್‌ಗೆ ತನ್ನನ್ನು ಪರಿಚಯಿಸಿಕೊಳ್ಳುವುದು, ಬೇರೆ ಗುರುತನ್ನು ಕೊಡದಿದ್ದಲ್ಲಿ, ಯಂತ್ರದ ಹೆಸರಿನಿಂದ. ಎರಡನೆಯ ಯಂತ್ರ ಅದೇ ಹೆಸರಿನಿಂದ ಬಂದಾಗ ಸರ್ವರ್ ‘ಮೊದಲಿನ ಯಂತ್ರವೇ ಬಿದ್ದು ಎದ್ದು ಬಂದಿದೆ’ ಎಂದು ಭಾವಿಸಿ ಮೊದಲನೆಯದರ ಬೀಗಗಳನ್ನೆಲ್ಲ ತೆಗೆದುಹಾಕುತ್ತದೆ. ಮೊದಲನೆಯದು ಮತ್ತೆ ಪರಿಚಯಿಸಿಕೊಂಡಾಗ ಎರಡನೆಯದರ ಗತಿಯೂ ಅದೇ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದು ಹಾಜರಿ ಪುಸ್ತಕದಲ್ಲಿ ಒಂದೇ ಸಾಲು ಇದ್ದರೆ ಆಗುವ ಗೊಂದಲವೇ ಇದು. ಒಂದು ಯಂತ್ರ ಮಾತ್ರ ನಡೆಯುತ್ತಿದ್ದಾಗ ದೋಷ ಕಾಣದು. ತರಗತಿ ತುಂಬಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಪ್ರತಿ ಯಂತ್ರಕ್ಕೂ ಬೇರೆ ಹೆಸರು ಕೊಟ್ಟರೆ ತೊಂದರೆ ನೀಗುತ್ತದೆ.

‘ನೋಲಾಕ್’ ಆಯ್ಕೆಯ ಅಪಾಯ

ಸ್ಟ್ಯಾಟ್‌ಡಿ ನಡೆಯದಿದ್ದಾಗ ಎನ್‌ಎಫ್‌ಎಸ್ ಜೋಡಣೆಯ ಆಜ್ಞೆ ಒಂದು ಸಂದೇಶವನ್ನು ತೋರಿಸುತ್ತದೆ. ನೋಲಾಕ್ ಆಯ್ಕೆಯಿಂದ ಬೀಗಗಳನ್ನು ಸ್ಥಳೀಯವಾಗಿ ಇಟ್ಟುಕೊಳ್ಳಿ, ಇಲ್ಲವೇ ಸ್ಟ್ಯಾಟ್‌ಡಿಯನ್ನು ಆರಂಭಿಸಿ ಎಂಬುದು ಅದರ ತಾತ್ಪರ್ಯ. ಎರಡು ದಾರಿಗಳು ಸಮಾನವೋ ಎಂಬಂತೆ ಅಲ್ಲಿ ಅಕ್ಕಪಕ್ಕ ನಿಂತಿವೆ. ಅದರಲ್ಲಿಯೂ ಸುಲಭವಾದದ್ದು ಮೊದಲಿದೆ. ಅವಸರದಲ್ಲಿರುವವರು ಅದನ್ನೇ ಆರಿಸಿಕೊಳ್ಳುತ್ತಾರೆ, ದೋಷಸಂದೇಶ ಕೂಡಲೇ ಮಾಯವಾಗುತ್ತದೆ.

ನೋಲಾಕ್ ಎಂದರೆ ಬೀಗವಿಲ್ಲ ಎಂದಲ್ಲ. ಬೀಗದ ಸುದ್ದಿ ಸರ್ವರ್‌ಗೆ ಹೋಗುವುದಿಲ್ಲ ಎಂದು. ಶಹಾಪುರದ ಯಂತ್ರ ಕೇಳಿದರೆ ಶಹಾಪುರದಲ್ಲಿ ಬೀಗ ದೊರೆಯುತ್ತದೆ, ಸುರಪುರದ ಯಂತ್ರ ಕೇಳಿದರೆ ಸುರಪುರದಲ್ಲಿಯೂ ದೊರೆಯುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಬಾಗಿಲಿಗೆ ಬೀಗ ಜಡಿದು ಊರ ಕಣಜ ಭದ್ರವಾಯಿತೆಂದು ನಂಬಿದಂತೆ. ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಎನ್‌ಎಫ್‌ಎಸ್ ಕ್ಲೈಂಟ್ ಕಡತದ ವಿವರಗಳನ್ನು ಪ್ರತಿ ಬಾರಿ ಸರ್ವರ್‌ನಿಂದ ಕೇಳದೆ, ಸಾಮಾನ್ಯವಾಗಿ 3ರಿಂದ 60 ಸೆಕೆಂಡುಗಳವರೆಗೆ ತನ್ನ ನೆನಪಿನಲ್ಲಿರುವುದನ್ನೇ ನಂಬುತ್ತದೆ. ಸರ್ವರ್‌ನಿಂದ ಬೀಗ ಪಡೆದಾಗ ಆ ಹಳೆಯ ನೆನಪನ್ನು ಬದಿಗಿಟ್ಟು ಹೊಸದಾಗಿ ಓದುತ್ತದೆ. ಬೀಗ ಬಿಡುವ ಮೊದಲು ತಾನು ಬರೆದದ್ದನ್ನು ಸರ್ವರ್‌ಗೆ ತಲುಪಿಸುತ್ತದೆ. ಅಂದರೆ ಬೀಗವು ಎರಡನೆಯವರನ್ನು ಹೊರಗಿಡುವುದರ ಜೊತೆಗೆ ಒಳಗಿರುವವರಿಗೆ ತಾಜಾ ಪ್ರತಿ ದೊರೆಯುವ ಭರವಸೆಯೂ ಹೌದು. ಬೀಗದ ಸುದ್ದಿ ಸರ್ವರ್‌ಗೆ ಹೋಗದಿದ್ದಲ್ಲಿ ಹೊರಗಿಡುವುದಂತೂ ಇಲ್ಲ, ಆ ಭರವಸೆಯನ್ನೂ ನೆಚ್ಚಿಕೊಳ್ಳಲಾಗದು.

ಡಿಸ್ಕ್ ಇಲ್ಲದೆ ಜಾಲದಿಂದಲೇ ಆರಂಭವಾಗುವ ಯಂತ್ರದ ಮೂಲ ಕಡತಕೋಶಕ್ಕೆ, ಒಂದೇ ಯಂತ್ರ ಬಳಸುವ ಕಡತಕೋಶಕ್ಕೆ, ಓದಲು ಮಾತ್ರ ಹಂಚಿದ ಗ್ರಂಥಭಂಡಾರದಂಥ ಕಡತಕೋಶಕ್ಕೆ ನೋಲಾಕ್ ಬಳಸುವುದರಲ್ಲಿ ತಪ್ಪಿಲ್ಲ. ಹಲವರು ಬರೆಯುವ ಕಡೆ ಅದು ಪರಿಹಾರವಲ್ಲ.

ವಿಂಡೋಸ್ ಹಂಚಿಕೆ ಮತ್ತು ಕಚೇರಿ ತಂತ್ರಾಂಶಗಳ ಬೀಗಕಡತಗಳು

ವಿಂಡೋಸ್ ಯಂತ್ರಗಳು ಬಳಸುವ ಎಸ್‌ಎಂಬಿ ಶಿಷ್ಟಾಚಾರದಲ್ಲಿ ಕಡತವನ್ನು ತೆರೆಯುವಾಗಲೇ ಇತರರಿಗೆ ಏನನ್ನು ಬಿಡಬೇಕೆಂದು ಹೇಳಲಾಗುತ್ತದೆ, ಸರ್ವರ್ ಅದನ್ನು ಪಾಲಿಸುತ್ತದೆ. ಯಾರು ಹಿಡಿದಿದ್ದಾರೆಂಬುದನ್ನು ವಿಂಡೋಸ್ ಸರ್ವರ್‌ನಲ್ಲಿ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ಕಿಟಕಿಯ ಹಂಚಿಕೆಯ ಕಡತಕೋಶಗಳ ಭಾಗದಲ್ಲಿ, ಲಿನಕ್ಸ್‌ನ ಸಾಂಬಾ ಸರ್ವರ್‌ನಲ್ಲಿ ಎಸ್‌ಎಂಬಿಸ್ಟೇಟಸ್ ಆಜ್ಞೆಯಿಂದ ನೋಡಬಹುದು. ಇಲ್ಲಿ ಬಳಕೆದಾರರ ಹೆಸರು, ಯಂತ್ರದ ವಿಳಾಸ ಎರಡೂ ದೊರೆಯುವುದರಿಂದ ಎನ್‌ಎಫ್‌ಎಸ್‌ಗಿಂತ ಪತ್ತೆ ಸುಲಭ.

ಇವಲ್ಲದೆ ಕಚೇರಿ ತಂತ್ರಾಂಶಗಳು ತಮ್ಮದೇ ಆದ ಗುರುತಿನ ಕಡತವನ್ನು ಮೂಲ ಕಡತದ ಪಕ್ಕದಲ್ಲಿ ಇಡುತ್ತವೆ. ಮೈಕ್ರೋಸಾಫ್ಟ್ ಆಫೀಸ್‌ನ ಗುರುತು ಅಲೆಗೆರೆ ಮತ್ತು ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಲಿಬ್ರೆಆಫೀಸ್‌ನದು ಚುಕ್ಕಿ, ಅಲೆಗೆರೆ ಮತ್ತು ‘ಲಾಕ್’ ಎಂಬ ಪದದಿಂದ. ಎರಡೂ ಸಾಮಾನ್ಯವಾಗಿ ಕಣ್ಣಿಗೆ ಬೀಳದಂತೆ ಅಡಗಿರುತ್ತವೆ. ವಿದ್ಯುತ್ ಹೋಗಿ ಯಂತ್ರ ನಿಂತರೆ ಗುರುತು ಹಾಗೆಯೇ ಉಳಿದು, ಯಾರೂ ತೆರೆಯದ ಕಡತವೂ ‘ಬಳಕೆಯಲ್ಲಿದೆ’ ಎನಿಸಿಕೊಳ್ಳುತ್ತದೆ. ಇಂಥ ಅನಾಥ ಗುರುತನ್ನು ಅಳಿಸಬಹುದು. ಅಳಿಸುವ ಮೊದಲು ಲಿಬ್ರೆಆಫೀಸ್‌ನ ಗುರುತನ್ನು ಸಾಮಾನ್ಯ ಪಠ್ಯವಾಗಿ ತೆರೆದು ನೋಡಿದರೆ ಬಳಕೆದಾರ, ಯಂತ್ರ ಮತ್ತು ವೇಳೆಯ ವಿವರ ಅಲ್ಲಿರುತ್ತದೆ. ಮೈಕ್ರೋಸಾಫ್ಟ್ ಆಫೀಸ್ ತೋರಿಸುವ ಹೆಸರನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಅದು ತಂತ್ರಾಂಶದಲ್ಲಿ ನಮೂದಾಗಿರುವ ಹೆಸರು; ಎಲ್ಲ ಯಂತ್ರಗಳಲ್ಲಿಯೂ ಸ್ಥಾಪಿಸಿದವರ ಹೆಸರೋ ‘ಅಡ್ಮಿನ್’ ಎಂಬ ಪದವೋ ಉಳಿದಿರುವ ಕಚೇರಿಯಲ್ಲಿ ಅದರಿಂದ ತಿಳಿಯುವುದೇನೂ ಇಲ್ಲ.

ಕಡತದಿಂದ ದತ್ತಸಂಚಯಕ್ಕೆ

ಹಲವರು ಸದಾ ಬರೆಯುವ ದಾಖಲೆಯನ್ನು ಹಂಚಿಕೆಯ ಕಡತವಾಗಿ ಇಡುವುದೇ ಮೂಲದ ಸಮಸ್ಯೆ. ಎಸ್‌ಕ್ಯೂಲೈಟ್ ದತ್ತಸಂಚಯದ ಕಡತವನ್ನು ಜಾಲದ ಮೇಲೆ ಇಟ್ಟು ಹಲವು ಯಂತ್ರಗಳಿಂದ ಬಳಸುವುದರ ವಿರುದ್ಧ ಅದರ ಕರ್ತೃಗಳೇ ಎಚ್ಚರಿಸಿದ್ದಾರೆ. ಅದರ ಒಂದು ವಿಧಾನವಾದ ವಾಲ್, ಎಲ್ಲ ಬಳಕೆದಾರರೂ ಒಂದೇ ಯಂತ್ರದ ಸ್ಮೃತಿಯನ್ನು ಹಂಚಿಕೊಳ್ಳಬೇಕಾದ್ದರಿಂದ, ಜಾಲದ ಮೇಲೆ ಕೆಲಸ ಮಾಡುವುದೇ ಇಲ್ಲ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಸಂದೇಶ ಪದೇ ಪದೇ ಬರುತ್ತಿದ್ದರೆ ಬೀಗವನ್ನು ದುರಸ್ತಿ ಮಾಡುವುದಕ್ಕಿಂತ ದಾಖಲೆಯನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್‌ನಂಥ ಸರ್ವರ್ ದತ್ತಸಂಚಯಕ್ಕೆ ಸಾಗಿಸುವುದು ಒಳಿತು. ಅಲ್ಲಿ ಕಡತವನ್ನು ಮುಟ್ಟುವುದು ಸರ್ವರ್ ಮಾತ್ರ. ಬೀಗ ಇಡೀ ಪಟ್ಟಿಗೆ ಬೀಳದೆ ಆಯಾ ಸಾಲಿಗೆ ಮಾತ್ರ ಬೀಳುವುದರಿಂದ, ಶಹಾಪುರದವರು ಒಂದು ಸಾಲನ್ನು ತಿದ್ದುತ್ತಿರುವಾಗ ಸುರಪುರದವರು ಇನ್ನೊಂದನ್ನು ತಿದ್ದಬಹುದು.

ಕರ್ನಾಟಕದಲ್ಲಿ ಈ ಬದಲಾವಣೆಯ ದೊಡ್ಡ ನಿದರ್ಶನ ಭೂದಾಖಲೆಗಳ ‘ಭೂಮಿ’ ಯೋಜನೆ. ಅದಕ್ಕೆ ಮೊದಲು ಪಹಣಿಯ ಕೈಬರಹದ ಪುಸ್ತಕಗಳು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಪುಸ್ತಕ ಒಂದೇ, ಅದು ಒಬ್ಬರ ಕೈಯಲ್ಲಿ. ಆ ಒಬ್ಬರು ಊರಲ್ಲಿಲ್ಲದಿದ್ದರೆ ರೈತ ಕಾಯಬೇಕು. ಇದೂ ಒಂದು ಏಕಸ್ವಾಮ್ಯದ ಬೀಗವೇ, ಗೇಣಿಯ ಅವಧಿಯಿಲ್ಲದ ಬೀಗ. 2001ರಲ್ಲಿ ಉದ್ಘಾಟನೆಗೊಂಡ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳನ್ನು ಗಣಕೀಕರಿಸಿ ತಾಲ್ಲೂಕು ಕೇಂದ್ರಗಳಲ್ಲಿ ವಿತರಿಸಲಾರಂಭಿಸಿದರು. ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಇದರಲ್ಲಿ ಸೇರಿದ್ದವು. ತಿದ್ದುಪಡಿಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಪಡಿಸಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಲಾಗಿತ್ತು. ತಿದ್ದುವ ನೌಕರರು ಬೆರಳಚ್ಚಿನಿಂದ ತಮ್ಮ ಗುರುತನ್ನು ಸ್ಥಾಪಿಸಬೇಕಿತ್ತು. ಯಾರ ಸರದಿ, ಯಾರು ತಿದ್ದಿದರು ಎಂಬ ಎರಡು ಪ್ರಶ್ನೆಗಳಿಗೆ ಸಾದಾ ಕಡತದಲ್ಲಿ ಉತ್ತರವಿಲ್ಲ. ದತ್ತಸಂಚಯದಲ್ಲಿ ಅದಕ್ಕೆ ಅವಕಾಶವಿದೆ.

ಬೀಗವಿಲ್ಲದ ವಿಧಾನಗಳು

ಬೀಗವನ್ನೇ ಬಳಸದೆ ಘರ್ಷಣೆಯನ್ನು ತಪ್ಪಿಸುವ ದಾರಿಗಳೂ ಇವೆ. ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ವಿನ್ಯಾಸದಲ್ಲಿ ಪ್ರತಿ ಮಿಂಚಂಚೆಯೂ ಪ್ರತ್ಯೇಕ ಕಡತ, ಪ್ರತಿ ಕಡತಕ್ಕೂ ಬೇರೆಲ್ಲಿಯೂ ಇರದ ಹೆಸರು. ಮೊದಲು ತಾತ್ಕಾಲಿಕ ಕೋಶದಲ್ಲಿ ಪೂರ್ತಿ ಬರೆದು, ಬಳಿಕ ಹೊಸ ಅಂಚೆಯ ಕೋಶಕ್ಕೆ ಸಾಗಿಸಲಾಗುತ್ತದೆ. ಇಬ್ಬರು ಒಂದೇ ಕಡತಕ್ಕೆ ಬರೆಯುವ ಪ್ರಸಂಗವೇ ಬಾರದ್ದರಿಂದ ಬೀಗ ಬೇಕಾಗಿಲ್ಲ. ಶಹಾಪುರಕ್ಕೊಂದು, ಸುರಪುರಕ್ಕೊಂದು ಬೇರೆ ಬೇರೆ ಪಟ್ಟಿ ಇಟ್ಟು ಸಂಜೆ ಯಾದಗಿರಿಯಲ್ಲಿ ಕೂಡಿಸುವುದು ಇದೇ ತತ್ವದ ಸರಳ ರೂಪ. ತಂತ್ರಜ್ಞರಿಲ್ಲದ ಸಣ್ಣ ಕಚೇರಿಗೆ ಅನೇಕ ವೇಳೆ ಅಷ್ಟೇ ಸಾಕು.

ಇನ್ನೊಂದು ದಾರಿಯಲ್ಲಿ ಎಲ್ಲರಿಗೂ ತಿದ್ದಲು ಬಿಟ್ಟು, ಉಳಿಸುವ ಹೊತ್ತಿಗೆ ಮಾತ್ರ ಪರಿಶೀಲಿಸಲಾಗುತ್ತದೆ. ತಿದ್ದಲು ಆರಂಭಿಸಿದ ಮೇಲೆ ಬೇರೆಯವರು ಹೊಸ ಆವೃತ್ತಿಯನ್ನು ಉಳಿಸಿದ್ದರೆ ಎರಡು ಬರಹಗಳನ್ನೂ ಬೆಸೆಯಲು ಯತ್ನಿಸಲಾಗುತ್ತದೆ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ಎರಡನೆಯವರಿಗೆ ಎರಡೂ ಪಠ್ಯಗಳನ್ನು ತೋರಿಸಿ ನಿರ್ಧಾರವನ್ನು ಅವರಿಗೇ ಬಿಡಲಾಗುತ್ತದೆ. ವಿಕಿಪೀಡಿಯದ ಮೀಡಿಯಾವಿಕಿ ತಂತ್ರಾಂಶ ಅನುಸರಿಸುವುದು ಈ ವಿಧಾನವನ್ನೇ. ಲೇಖನವೊಂದನ್ನು ತೆರೆದಿಟ್ಟು ಊಟಕ್ಕೆ ಎದ್ದುಹೋದ ಸಂಪಾದಕರು ಅಲ್ಲಿ ಯಾರ ದಾರಿಗೂ ಅಡ್ಡಬರುವುದಿಲ್ಲ; ಮರಳಿ ಬಂದು ಉಳಿಸುವಾಗ ‘ಸಂಪಾದನಾ ಸಂಘರ್ಷ’ ಎದುರಾದರೆ ಬೆಸೆಯುವ ಶ್ರಮ ಅವರದೇ.